ನೋಟದ ಲೆಕ್ಕ

ಬೀದರಿನಿಂದ ಔರಾದಿಗೆ ಹೋಗುವ ರಸ್ತೆಯ ಮೇಲಿರುವ ಜನವಾಡ ನನ್ನ ಹುಟ್ಟೂರು. ನನ್ನ ತಂದೆಯವರ ಕಾಲದಿಂದಲೂ ನಮ್ಮ ಮನೆಗೆ ಬೇಕಾದವರಾಗಿದ್ದ ಹಿರಿಯರೊಬ್ಬರು ಅಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ತೊಗರಿ, ಹೆಸರು, ಉದ್ದಿನ ಚೀಲಗಳ ಮೇಲ್ಗಡೆಯ ಗೋಡೆಯಲ್ಲಿ ಪಂಚಾಂಗ, ದೇವರ ಪಟ ಮತ್ತು ಉದ್ರಿ ಕೇಳಬಾರದೆಂಬ ಫಲಕ, ಇವುಗಳ ನಡುವೆ ಒಂದು ಬಣ್ಣದ ಚಿತ್ರ ಸುಮಾರು ಒಂದು ವರ್ಷಕಾಲ ತೂಗುತ್ತಿತ್ತು. ಬೂದುಬಣ್ಣದ ಸುರುಳಿಗಳ ನಡುವೆ ಒಂದು ಪೊಟರೆ. ಆ ಪೊಟರೆಯಲ್ಲಿ ಗೂಡು ಸೇರಿದ ಗಿಣಿಯಂತೆ ನೆಮ್ಮದಿಯಿಂದ ಕುಳಿತ ಒಂದು ಹಸಿರು ಆಕೃತಿ. ಆ ಚಿತ್ರವನ್ನು ಮಾಡಿದವನು ನಾನು. ಅದರಲ್ಲಿ ಒಂದು ಸುಳ್ಳಿತ್ತು. ಅದನ್ನು ಕುರಿತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೇನೆ. ವಿಷಯವು ಸ್ವಲ್ಪ ತಾಂತ್ರಿಕವಾದುದರಿಂದ ವಾಚಕರು ಮೊದಲ ಕೆಲವು ಕಂಡಿಕೆಗಳನ್ನು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಾನು ವೃತ್ತಿಯಿಂದ ರಸಾಯನಶಾಸ್ತ್ರದ ಅಧ್ಯಾಪಕ. ನನ್ನ ಕೊನೆಯ ಹದಿನೈದು ವರ್ಷಗಳ ಬೋಧನೆಯಲ್ಲಿ ಗಣಕಯಂತ್ರದ ತೆರೆಯ ಮೇಲೆ ಅಣುಗಳನ್ನು ತೋರಿಸುವ ತಂತ್ರಾಂಶಗಳು ಕರಿಹಲಗೆಯಷ್ಟೇ ಅವಶ್ಯಕವಾಗಿಬಿಟ್ಟಿದ್ದವು. ಅಣುವನ್ನು ಯಾರೂ ಬರಿಗಣ್ಣಿನಿಂದ ಕಂಡಿಲ್ಲ. ಹರಳಿನ ಮೇಲೆ ಕ್ಷಕಿರಣಗಳನ್ನು ಹಾಯಿಸಿ, ಅವು ಚದುರುವ ರೀತಿಯಿಂದ ಪ್ರತಿಯೊಂದು ಪರಮಾಣುವಿನ ಸ್ಥಾನವನ್ನು ಲೆಕ್ಕಹಾಕಿ, ಪರಮಾಣುವಿಗೆ ಮೂರು ಅಂಕೆಗಳಂತೆ ಬರೆದಿಡುತ್ತಾರೆ. ತಂತ್ರಾಂಶವು ಈ ಅಂಕೆಗಳನ್ನು ಓದಿ ಚಿತ್ರ ಬರೆಯುತ್ತದೆ. ಆದರೆ ಚಿತ್ರ ಬರೆಯಬೇಕಾದರೆ ನೋಡುವವನು ಎಲ್ಲಿ ನಿಂತಿದ್ದಾನೆಂಬುದು ತಿಳಿಯಬೇಕಷ್ಟೆ. ಆ ನಿಲುವಿಗೆ ಈ ತಂತ್ರಾಂಶಗಳಲ್ಲಿ ಕ್ಯಾಮರಾ ಎಂದು ಹೆಸರು. ಅದಕ್ಕೆ ಗಾಜೂ ಇಲ್ಲ, ಫಿಲ್ಮೂ ಇಲ್ಲ. ಅದೊಂದು ಗಣಿತದ ಕಣ್ಣು.

1960ರ ದಶಕದ ಮಧ್ಯದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಸೈರಸ್ ಲೆವಿಂಥಾಲ್ ಮತ್ತು ಅವರ ಸಂಗಡಿಗರು ಪ್ರೋಟೀನಿನ ಅಣುವನ್ನು ಗಣಕದ ತೆರೆಯ ಮೇಲೆ ಗೆರೆಗಳಲ್ಲಿ ಮೂಡಿಸಿದಾಗಲೇ ಈ ಕಣ್ಣಿನ ಸಮಸ್ಯೆ ಎದುರಾಗಿತ್ತು. ನಿಂತ ಚಿತ್ರ ಬರಿಯ ಗೆರೆಗಳ ಗೋಜಲಾಗಿ ಕಾಣುತ್ತಿತ್ತು. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯುತ್ತಿರಲಿಲ್ಲ. ಕೈಯಿಂದ ಆಡಿಸುವ ಗೋಳವೊಂದನ್ನು ಜೋಡಿಸಿ ಚಿತ್ರವನ್ನು ತಿರುಗಿಸತೊಡಗಿದ ಮೇಲೆ ಗೋಜಲು ಬಿಡಿಸಿಕೊಂಡು ಅಣುವಿಗೆ ಆಳ ಬಂದಿತು. ಮುದ್ರಿತ ಪುಟಕ್ಕೆ ಈ ಭಾಗ್ಯವಿಲ್ಲ. 1981ರಲ್ಲಿ ಜೇನ್ ರಿಚರ್ಡ್‌ಸನ್ ಅವರು ಪ್ರೋಟೀನುಗಳನ್ನು ಪಟ್ಟಿಗಳ ರೂಪದಲ್ಲಿ ಕೈಯಿಂದಲೇ ಬರೆದು ಪ್ರಕಟಿಸಿದಾಗ, ಪ್ರತಿಯೊಂದಕ್ಕೂ ಒಂದೇ ಒಂದು ಕೋನವನ್ನು ಆರಿಸಿಕೊಳ್ಳಬೇಕಾಗಿತ್ತು. ಬಹುಶಃ ಆ ಇಕ್ಕಟ್ಟನ್ನು ಉಂಡವರಾದುದರಿಂದಲೇ ಅವರೂ ಅವರ ಪತಿ ಡೇವಿಡ್ ಅವರೂ 1992ರಲ್ಲಿ ಹೊಸದೊಂದು ಉಪಾಯ ಹೂಡಿದರು. ಆ ವರ್ಷ ಆರಂಭವಾದ ಪ್ರೋಟೀನ್ ಸೈನ್ಸ್ ಎಂಬ ಪತ್ರಿಕೆಯ ಜೊತೆಗೆ ಕೈನಿಮೇಜ್ ಎಂಬ ಚಲಿಸುವ ಚಿತ್ರಗಳ ತಟ್ಟೆಯನ್ನು ಓದುಗರಿಗೆ ಕಳುಹಿಸಲಾಯಿತು. ಲೇಖಕನು ತನಗೆ ಮುಖ್ಯವೆಂದು ತೋರಿದ ನೋಟಗಳನ್ನು ಅದರಲ್ಲಿ ಗುರುತಿಸಿಡಬಹುದಾಗಿತ್ತು. ಓದುಗನು ಅವನ್ನು ನೋಡಿ, ಅನಂತರ ತನಗೆ ಬೇಕಾದಂತೆ ಅಣುವನ್ನು ತಿರುಗಿಸಿ ಪರೀಕ್ಷಿಸಬಹುದಾಗಿತ್ತು. ಲೇಖಕ ತನ್ನ ನೋಟವನ್ನು ಮುಂದಿಡುವುದು, ಓದುಗನ ಕೈಯನ್ನು ಕಟ್ಟದಿರುವುದು, ಎರಡೂ ಒಂದೇ ತಟ್ಟೆಯಲ್ಲಿ ಕೂಡಿ ಬಂದುದು ನನಗೆ ಇಂದಿಗೂ ದೊಡ್ಡ ಸೌಜನ್ಯವಾಗಿ ತೋರುತ್ತದೆ.

ನಾನು ಬಳಸುತ್ತಿದ್ದುದು ವಾರೆನ್ ಡಿಲಾನೋ ಎಂಬವರು 2000ದಲ್ಲಿ ಹೊರತಂದ ಪೈಮಾಲ್ ಎಂಬ ತಂತ್ರಾಂಶ. ಅದರಲ್ಲಿ ಗೆಟ್ ವ್ಯೂ ಎಂಬ ಒಂದು ಆಜ್ಞೆಯಿದೆ. ಅದನ್ನು ಕೊಟ್ಟೊಡನೆ ತೆರೆಯ ಮೇಲೆ 18 ಅಂಕೆಗಳು ಮೂಡುತ್ತವೆ. ಮೊದಲ 9 ಅಂಕೆಗಳು ನಾವು ಯಾವ ದಿಕ್ಕಿನಿಂದ ನೋಡುತ್ತಿದ್ದೇವೆಂಬುದನ್ನೂ, ಮುಂದಿನ 3 ಕ್ಯಾಮರಾ ಎಷ್ಟು ದೂರದಲ್ಲಿದೆ ಎಂಬುದನ್ನೂ, ಅದರ ಮುಂದಿನ 3 ಅಣುವು ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂಬುದನ್ನೂ ಹೇಳುತ್ತವೆ. ಅನಂತರದ 2 ಅಂಕೆಗಳು ಕತ್ತರಿಸುವ ಎರಡು ಅದೃಶ್ಯ ಹಲಗೆಗಳವು: ಮುಂದಿನ ಹಲಗೆಗಿಂತ ಕಣ್ಣಿಗೆ ಹತ್ತಿರವಾದುದೂ ಹಿಂದಿನ ಹಲಗೆಗಿಂತ ದೂರವಾದುದೂ ಚಿತ್ರದಲ್ಲಿ ಬರುವುದಿಲ್ಲ. ಕೊನೆಯ ಒಂದು ಅಂಕೆ, ದೂರದ ವಸ್ತು ಚಿಕ್ಕದಾಗಿ ಕಾಣಬೇಕೆ ಬೇಡವೆ ಎಂಬುದಕ್ಕೆ ಸಂಬಂಧಿಸಿದ್ದು. ಈ 18ನ್ನು ಒಂದು ಕಾಗದದ ಮೇಲೆ ಬರೆದುಕೊಂಡರೆ, ಹತ್ತು ವರ್ಷಗಳ ಅನಂತರವೂ ಅದೇ ಕಡತವನ್ನು ತೆರೆದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ನಿಲುವಿನಲ್ಲಿ ನಿಲ್ಲಬಹುದು. ಬೇಕಾದ ನೋಟಕ್ಕೆ ಒಂದು ಹೆಸರು ಕೊಟ್ಟು ಕೂಡಿಡಲೂ ಬರುತ್ತದೆ; ಆ ಹೆಸರನ್ನು ಕರೆದರೆ ಸಾಕು, ಅಣುವು ಹೊರಳಿ ಬಂದು ನಿಲ್ಲುತ್ತದೆ.

ನೋಟವನ್ನು ಆರಿಸಿಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆರಿಸದೆ ಗತಿಯಿಲ್ಲ. ಹಲಸಿನ ಬೀಜದಲ್ಲಿರುವ ಜಾಕಲಿನ್ ಎಂಬ ಪ್ರೋಟೀನಿನ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡದವರು ಬಿಡಿಸಿ 1996ರಲ್ಲಿ ಪ್ರಕಟಿಸಿದರು. ಅದರ ಒಂದು ಘಟಕವನ್ನು ಪಕ್ಕದಿಂದ ನೋಡಿದರೆ ಎಳೆಗಳ ಗಂಟು. ಅಕ್ಷದ ಉದ್ದಕ್ಕೆ ಕಣ್ಣಿಟ್ಟು ನೋಡಿದರೆ ಮೂರು ಹಾಳೆಗಳು ಮೂರು ಗೋಡೆಗಳಂತೆ ನಿಂತು ಸೊಗಸಾದ ಪಟ್ಟಕವೊಂದು ಕಾಣುತ್ತದೆ. ಆ ಕೋನದಲ್ಲಿ ನಿಂತಾಗ ಮಾತ್ರ ವಿದ್ಯಾರ್ಥಿಗಳ ಬಾಯಿಂದ ತಿಳಿಯಿತೆಂಬ ಉದ್ಗಾರ ಬರುತ್ತಿತ್ತು. ಇದೇ ತಂಡದವರು 1994ರಲ್ಲಿ ಪ್ರಕಟಿಸಿದ ಕಡಲೆಕಾಯಿಯ ಲೆಕ್ಟಿನ್ ಇದಕ್ಕೆ ತೀರ ಬೇರೆಯ ಉದಾಹರಣೆ. (ಕಡಲೆಕಾಯಿ ನೆಲದೊಳಗೆ ಬೆಳೆದರೂ ಗಡ್ಡೆಯಲ್ಲ, ಹೂವಿನಿಂದಾದ ಕಾಯಿ ಎಂದು ನನ್ನ ಅತ್ತೆಯವರಿಗೆ ಒಪ್ಪಿಸಲು ನಾನು ಪಟ್ಟ ಪಾಡನ್ನು ಇನ್ನೊಮ್ಮೆ ಬರೆಯುತ್ತೇನೆ.) ಅದರಲ್ಲಿ ನಾಲ್ಕು ಘಟಕಗಳಿವೆ. ನಾಲ್ಕು ಸಮಾನ ಘಟಕಗಳು ಸೇರಿದಾಗ ಸಾಮಾನ್ಯವಾಗಿ ನಿರೀಕ್ಷಿಸುವ ಸಮಮಿತಿ ಅಲ್ಲಿರಲಿಲ್ಲ. ಒಂದು ಕಡೆಯಿಂದ ಮಾತ್ರ ನೋಡಿ ತೃಪ್ತನಾಗುವವನಿಗೆ ಅಂತಹ ಅಣು ತನ್ನ ವೈಶಿಷ್ಟ್ಯವನ್ನು ಬಿಟ್ಟುಕೊಡುವುದಿಲ್ಲ, ಸುತ್ತು ಹಾಕಬೇಕು.

ಬೀದರಿನವರಿಗೆ ಇದನ್ನು ವಿವರಿಸುವುದು ಸುಲಭ. ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗವು 17ನೆಯ ಶತಮಾನದ ಕೊನೆಯ ಸ್ಫೋಟದಲ್ಲಿ ಅರ್ಧ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿಯಿತು. ಉಳಿದ ಮಿನಾರಿನ ಕೆಳಗೆ ನಿಂತು, ಬಣ್ಣದ ಹೆಂಚುಗಳು ತುಂಬುವಂತೆ ಚಿತ್ರ ತೆಗೆದರೆ ಕಟ್ಟಡ ಅಖಂಡವಾಗಿದೆ ಎಂದೇ ತೋರುತ್ತದೆ. ಆ ಚಿತ್ರ ಸುಳ್ಳಲ್ಲ. ನಮ್ಮ ಮಕ್ಕಳು ಪರವೂರಿನ ಬಂಧುಗಳಿಗೆ ಕಳುಹಿಸುವುದು ಆ ಚಿತ್ರವನ್ನೇ. ಆದರೆ ದುರಸ್ತಿಯ ಅಂದಾಜುಪಟ್ಟಿಗೆ ಯಾರಾದರೂ ಅದೊಂದನ್ನೇ ಲಗತ್ತಿಸಿದರೆ?

ಈಗ ನನ್ನ ಚಿತ್ರದ ವಿಷಯಕ್ಕೆ ಬರುತ್ತೇನೆ.

2013ರಲ್ಲಿ ಅಧ್ಯಾಪಕರ ಒಂದು ಶಿಬಿರಕ್ಕಾಗಿ, ಮಧುನಾಶಿನಿ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲವು ನಮ್ಮ ಮೇದೋಜೀರಕ ಗ್ರಂಥಿಯ ಅಮೈಲೇಸ್ ಎಂಬ ಕಿಣ್ವದಲ್ಲಿ ಹೇಗೆ ಕುಳಿತುಕೊಳ್ಳಬಹುದೆಂದು ಗಣಕದಲ್ಲಿ ಲೆಕ್ಕ ಮಾಡಿ ತೋರಿಸಲು ಹೊರಟೆ. ಆ ಎಲೆಯನ್ನು ಅಗಿದು ಸಕ್ಕರೆ ತಿಂದರೆ ಮರಳು ತಿಂದಂತಾಗುವುದನ್ನು ಬಹಳ ಜನ ಬಲ್ಲರು. ಅಮೈಲೇಸ್ ಪಿಷ್ಟವನ್ನು ಒಡೆಯುವ ಕಿಣ್ವ. ಅದನ್ನು ತಡೆದರೆ ಊಟದ ಅನಂತರ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ. ವಿಷಯ ಆಕರ್ಷಕವಾಗಿತ್ತು. ಆದರೆ ಗಣಕದ ಲೆಕ್ಕ ಆಕರ್ಷಕವಾಗಿರಲಿಲ್ಲ. ಆ ಅಣು ದೊಡ್ಡದು. ಕಿಣ್ವದ ಪೊಟರೆಯ ಬಾಗಿಲಲ್ಲಿಯೇ, ಒಳಗೆ ಬರಲೊಲ್ಲದ ಅತಿಥಿಯಂತೆ, ಅರ್ಧ ಹೊರಗೆ ನಿಂತಿತು.

ಅದನ್ನು ಬೇರೊಂದು ಮಗ್ಗುಲಿನಿಂದ ನೋಡೋಣವೆಂದು ಮೌಸನ್ನು ಎಳೆದೆ. ಹಿಂದಿನ ಯಾವುದೋ ಕೆಲಸದಿಂದ ತಂತ್ರಾಂಶವು ತಿದ್ದುವ ಸ್ಥಿತಿಯಲ್ಲಿಯೇ ಉಳಿದಿತ್ತು, ನನ್ನ ಬೆರಳು ಒಂದು ಕೀಲಿಯ ಮೇಲಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಪೈಮಾಲಿನಲ್ಲಿ ಟರ್ನ್ ಮತ್ತು ರೊಟೇಟ್ ಎಂದು ಎರಡು ಬೇರೆ ಬೇರೆ ಆಜ್ಞೆಗಳಿವೆ. ಟರ್ನ್ ಎಂದರೆ ಕ್ಯಾಮರಾ ತಿರುಗುತ್ತದೆ, ಪರಮಾಣುಗಳು ಇದ್ದಲ್ಲಿಯೇ ಇರುತ್ತವೆ. ರೊಟೇಟ್ ಎಂದರೆ ಕ್ಯಾಮರಾ ಇದ್ದಲ್ಲಿಯೇ ಇರುತ್ತದೆ, ವಸ್ತುವೇ ಜಾಗ ಬದಲಿಸುತ್ತದೆ. ತೆರೆಯ ಮೇಲೆ ಎರಡೂ ಒಂದೇ ರೀತಿ ಹೊರಳಿದಂತೆ ಕಾಣಬಹುದು. ಮೌಸಿನಲ್ಲಿಯೂ ಹಾಗೆಯೇ ನೋಡುವ ಸ್ಥಿತಿ ಬೇರೆ, ತಿದ್ದುವ ಸ್ಥಿತಿ ಬೇರೆ. ನಾನು ಕಣ್ಣನ್ನು ಸರಿಸಲು ಹೋದೆ. ಸರಿದದ್ದು ಹಸಿರು ಅಣು. ಅದು ಒಂದಿಷ್ಟು ಹೊರಳಿ, ಪೊಟರೆಯೊಳಕ್ಕೆ ಜಾರಿ, ಎಷ್ಟು ಚೆನ್ನಾಗಿ ಕುಳಿತುಬಿಟ್ಟಿತೆಂದರೆ ನಾನು ಕುರ್ಚಿಯಲ್ಲಿ ನೆಟ್ಟಗಾದೆ.

ಇಲ್ಲಿಯವರೆಗೆ ಆದದ್ದು ಕೈತಪ್ಪು. ಹಿಂದಕ್ಕೆ ಸರಿಸಲು ಒಂದೇ ಕೀಲಿಯ ಕೆಲಸ. ನಾನು ಸರಿಸಲಿಲ್ಲ. ಶಿಬಿರಕ್ಕೆ ಮೂರು ದಿನಗಳಿದ್ದವು. ಗಣಕವೇ ಕಾಣದ ಜಾಗವನ್ನು ನನ್ನ ಅನುಭವದ ಕೈ ಕಂಡಿತೆಂದು ಒಂದು ಸಮಾಧಾನ ಹುಟ್ಟಿಕೊಂಡಿತು. ಕ್ಯಾಮರಾವನ್ನು ಸುತ್ತಿಸಿ ನೋಡಿದೆ. ಎರಡು ಮೂರು ಕಡೆ ಹಸಿರು ಅಣುವಿನ ಉಂಗುರವು ಕಿಣ್ವದ ಪಕ್ಕದ ಸರಪಳಿಗಳನ್ನು ಹಾಯ್ದು ಹೋಗಿತ್ತು. ಎರಡು ವಸ್ತುಗಳು ಒಂದೇ ಜಾಗದಲ್ಲಿ ಇರಲಾರವಷ್ಟೆ. ಹಾಯ್ದ ಭಾಗಗಳು ಮರೆಯಾಗುವ ಒಂದು ಕೋನವನ್ನು ಹುಡುಕಿದೆ. ಒಂದು ಸರಪಳಿ ಮಾತ್ರ ಇಣುಕುತ್ತಿತ್ತು. ಮುಂದಿನ ಹಲಗೆಯನ್ನು ಸ್ವಲ್ಪ ಒಳಕ್ಕೆ ತಂದೊಡನೆ ಅದೂ ಇಲ್ಲವಾಯಿತು. ಆ ನೋಟಕ್ಕೆ ಹೆಸರು ಕೊಟ್ಟು ಕೂಡಿಟ್ಟೆ. ನಾನು ಕೊಟ್ಟ ಹೆಸರು ಏನೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ: ‘ಒಳ್ಳೆಯದು.’

ಚಿತ್ರವು ಶಿಬಿರದಲ್ಲಿ ಮೆಚ್ಚುಗೆ ಪಡೆಯಿತು. ಯಾರೋ ಉತ್ಸಾಹಿಗಳು ಅದನ್ನು ಕರಪತ್ರವಾಗಿ ಅಚ್ಚು ಹಾಕಿಸೋಣವೆಂದರು. 300 ಪ್ರತಿಗಳಾದವು. ‘ನಮ್ಮ ನೆಲದ ಎಲೆ, ವಿಜ್ಞಾನದ ಸಾಕ್ಷಿ’ ಎಂಬ ತಲೆಬರಹವನ್ನು ನಾನೇ ಬರೆದುಕೊಟ್ಟೆ. ಕೆಲವು ಪ್ರತಿಗಳನ್ನು ಊರಿಗೆ ಹೋದಾಗ ಹಂಚಿದೆ. ಒಂದು ಆ ಕಿರಾಣಿ ಅಂಗಡಿಗೆ ಹೋಯಿತು.

ಮರುವರ್ಷ ನನ್ನ ತರಗತಿಯಲ್ಲಿ ಭಾಲ್ಕಿ ಕಡೆಯ ಹಳ್ಳಿಯೊಂದರಿಂದ ಬಂದ ಒಬ್ಬ ವಿದ್ಯಾರ್ಥಿನಿ ಇದ್ದಳು. ಮಾತು ಕಡಿಮೆ, ಕೈಕೆಲಸ ಬಹಳ ಅಚ್ಚುಕಟ್ಟು. ಅಭ್ಯಾಸಕ್ಕೆಂದು ನನ್ನ ಹಳೆಯ ಕಡತಗಳನ್ನು ಅವಳಿಗೆ ಕೊಟ್ಟಿದ್ದೆ. ಆ ಕಡತವೂ ಅವುಗಳಲ್ಲಿತ್ತು. ಒಂದು ಮಧ್ಯಾಹ್ನ ಬಂದು, ‘ಸರ್, ಇವೆರಡು ಕಾರ್ಬನ್ನುಗಳ ನಡುವೆ ಬಂಧವಿದೆಯೆ?’ ಎಂದು ಕೇಳಿದಳು. ಅವಳು ಮಾಡಿದ್ದು ಇಷ್ಟೆ: ನನ್ನ ‘ಒಳ್ಳೆಯ’ ನೋಟವನ್ನು ಕರೆದು, ಅಲ್ಲಿಂದ 90 ಡಿಗ್ರಿ ಟರ್ನ್ ಮಾಡಿ, ಹಲಗೆಯನ್ನು ಹಿಂದಕ್ಕೆ ಸರಿಸಿ, ಎರಡು ಪರಮಾಣುಗಳ ನಡುವಿನ ದೂರವನ್ನು ಅಳೆದಿದ್ದಳು. ಅದು 1.9 ಆಂಗ್‌ಸ್ಟ್ರಾಮ್ ಇತ್ತು. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಒಂಟಿ ಬಂಧವಿರುವ ಎರಡು ಕಾರ್ಬನ್ನುಗಳ ದೂರ ಸುಮಾರು 1.54. ಬಂಧವಿಲ್ಲದ ಎರಡು ಕಾರ್ಬನ್ನುಗಳು ಎಷ್ಟು ಹತ್ತಿರ ಬರಬಹುದೆಂಬುದಕ್ಕೆ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು 1963ರಲ್ಲಿ ಮದರಾಸಿನಲ್ಲಿದ್ದಾಗ ಹಾಕಿಕೊಂಡ ಮಿತಿ ಸಾಮಾನ್ಯವಾಗಿ 3.2, ತೀರ ಅನಿವಾರ್ಯವಾದರೆ 3.0. ಇದೇ ರಾಮಚಂದ್ರನ್ ಅನಂತರ ಬೆಂಗಳೂರಿಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದವರು. ಅವರ ನಕ್ಷೆಯನ್ನು ನಾನು ಪ್ರತಿವರ್ಷ ಭಕ್ತಿಯಿಂದ ಪಾಠ ಮಾಡುತ್ತಿದ್ದೆ. 1.9 ಎಂಬುದು ಬಂಧಕ್ಕೆ ದೂರವಾಯಿತು, ನೆರೆತನಕ್ಕೆ ಹತ್ತಿರವಾಯಿತು. ಅಂತಹ ಸ್ಥಿತಿ ನಿಸರ್ಗದಲ್ಲಿಲ್ಲ.

ಆ ಹುಡುಗಿ ನನ್ನನ್ನು ಹಿಡಿಯಲು ಬಂದವಳಲ್ಲ. ತನಗೆ ತಿಳಿಯದ ಯಾವುದೋ ಬಗೆಯ ಬಂಧವಿದ್ದೀತು, ಗುರುಗಳು ಹೇಳಿಕೊಡುತ್ತಾರೆ ಎಂದೇ ಅವಳ ನಂಬಿಕೆ. ‘ನೋಡಿ ಹೇಳುತ್ತೇನೆ’ ಎಂದು ಕಳುಹಿಸಿದೆ.

ಅಂದಿನ ರಾತ್ರಿ ನನ್ನ ಮನಸ್ಸು ಒಂದು ರಕ್ಷಣೆಯನ್ನು ಹುಡುಕಿತು, ಮತ್ತು ಅದನ್ನು ಹುಡುಕಿದ್ದು ನಮ್ಮ ಶಾಸ್ತ್ರದಲ್ಲಿಯೇ. ವಸ್ತು ಅನಂತಧರ್ಮಾತ್ಮಕ, ಪ್ರತಿಯೊಂದು ನೋಟವೂ ಒಂದು ನಯ, ನಾನು ಒಂದು ನಯದಿಂದ ತೋರಿಸಿದೆ, ಅವಳು ಇನ್ನೊಂದರಿಂದ ನೋಡಿದಳು, ಇದರಲ್ಲಿ ಅಪರಾಧವೇನು? ಕೇಳಲು ಬಹಳ ಹಿತವಾದ ವಾದ. ಅನೇಕಾಂತವನ್ನು ಹೀಗೆ ನುಣುಚಿಕೊಳ್ಳುವ ದಾರಿಯಾಗಿ ಬಳಸುವುದನ್ನು ಸಭೆಗಳಲ್ಲಿ, ಪಂಚಾಯಿತಿಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ, ಕೇಳಿ ಬೇಸರಪಟ್ಟಿದ್ದೇನೆ. ಈಗ ನಾನೇ ಅದನ್ನು ಬಳಸುತ್ತಿದ್ದೆ.

ವಾದ ನಿಲ್ಲಲಿಲ್ಲ. ಇತರ ನಯಗಳನ್ನು ಅಲ್ಲಗಳೆಯುವ ನಯಕ್ಕೆ ನಮ್ಮ ಆಚಾರ್ಯರು ದುರ್ನಯವೆಂದು ಬೇರೆಯ ಹೆಸರನ್ನೇ ಇಟ್ಟಿದ್ದಾರೆ. ನನ್ನ ಕೋನವು ಉಳಿದ ಕೋನಗಳ ಬಾಯಿ ಮುಚ್ಚಿಸಲೆಂದೇ ಆರಿಸಿದ್ದು. ಅಷ್ಟೇ ಆಗಿದ್ದರೂ ಒಂದು ಮಾತು. ಅದಕ್ಕಿಂತ ಆಳದಲ್ಲಿ ಇನ್ನೊಂದು ಸಂಗತಿಯಿತ್ತು. ಅನೇಕಾಂತವು ಅನ್ವಯಿಸುವುದು ಇರುವ ವಸ್ತುವನ್ನು ನಾವು ಸುತ್ತುವಾಗ. ನಾನು ಸುತ್ತಿರಲಿಲ್ಲ, ವಸ್ತುವನ್ನೇ ಸರಿಸಿದ್ದೆ. ಟರ್ನ್ ಅಲ್ಲ, ರೊಟೇಟ್. ಸರಿಸಿದ ಮೇಲೆ ಅಲ್ಲಿ ಲೆಕ್ಕದಿಂದ ಬಂದ ವಸ್ತುವೇ ಇರಲಿಲ್ಲ. ಇಲ್ಲದ ವಸ್ತುವಿಗೆ ನಯವೆಲ್ಲಿಯದು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು, ಎಂಬ ಒಂದು ಬರುತ್ತದೆ. ಅದು ಸಾಹುಕಾರರ ಪತ್ರಗಳಿಗೆ ಸಂಬಂಧಿಸಿದ್ದೆಂದು ಬಾಲ್ಯದಿಂದ ತಿಳಿದಿದ್ದೆ. ಪರಮಾಣುವಿಗೆ ಮೂರರಂತೆ ಅಂಕೆಗಳನ್ನು ಬರೆದ ಕಡತವೂ ಒಂದು ಲೇಖವೇ ಎಂದು ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ದೊಡ್ಡವರಿಗೂ ಹೀಗಾದುದುಂಟು, ಆದರೆ ಅವರು ಬೇರೆ ರೀತಿ ನಡೆದುಕೊಂಡರು. 2006ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದವರು ತಮ್ಮದೇ ಸಣ್ಣ ಗಣಕವಿಧಿಯೊಂದು ದತ್ತಾಂಶವನ್ನು ಅದಲುಬದಲು ಮಾಡಿದ್ದರಿಂದ ಪ್ರೋಟೀನಿನ ರಚನೆ ಕನ್ನಡಿಯೊಳಗಿನಂತೆ ತಿರುವುಮುರುವಾಗಿತ್ತೆಂದು ತಿಳಿದಾಗ ಐದು ಸಂಶೋಧನಾ ಲೇಖನಗಳನ್ನು ಹಿಂದಕ್ಕೆ ಪಡೆದರು. ಕ್ಯಾಮರಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಎಡಗೈ ಬಲಗೈಯಾಗುವುದಿಲ್ಲ. ಅವರದು ತಿಳಿಯದೆ ಆದ ತಪ್ಪು. ನನ್ನದು ತಿಳಿದ ಮೇಲೆ ಒಂದು ವರ್ಷ ಉಳಿಸಿಕೊಂಡದ್ದು.

ಬೆಳಗ್ಗೆ ಹುಡುಗಿಗೆ ನಡೆದುದನ್ನು ನಡೆದಂತೆ ಹೇಳಿದೆ. ಅವಳು ತಲೆತಗ್ಗಿಸಿ ಕೇಳಿ, ‘ಹಾಗಾದರೆ ಗಣಕ ಹೇಳಿದ್ದು ಬಾಗಿಲಲ್ಲಿ ನಿಂತದ್ದು ಸರಿಯೆ ಸರ್?’ ಎಂದಳು. ಅದನ್ನಾದರೂ ಪ್ರಯೋಗವಿಲ್ಲದೆ ಸರಿಯೆನ್ನಲಾಗದು ಎಂದೆ. ಆಮೇಲೆ ಕರಪತ್ರಗಳನ್ನು ಹಿಂದಕ್ಕೆ ತರಲು ಹೊರಟೆ. ಆ ಭಾನುವಾರ ಜನವಾಡಕ್ಕೆ ಹೋದಾಗ ಅಂಗಡಿಯ ಗಲ್ಲೆಯ ಮೇಲೆ ಹಿರಿಯರ ಬದಲು ಅವರ ಮಗ ಕುಳಿತಿದ್ದರು.

ಹಿರಿಯರಿಗೆ ಸಕ್ಕರೆ ಕಾಯಿಲೆ ಹಳೆಯದು. ಎಂಟು ತಿಂಗಳುಗಳಿಂದ ಗುಳಿಗೆಗಳನ್ನು ಬಿಟ್ಟು ಬೆಳಗ್ಗೆ ನಾಲ್ಕು ಎಲೆ ಅಗಿಯುತ್ತಿದ್ದರಂತೆ. ಕಾಲಿಗೆ ಆದ ಗಾಯ ಮಾಯದೆ, ಬೀದರಿನ ಒಂದು ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳುಗಳನ್ನು ತೆಗೆದಿದ್ದರು. ಮಗನು ನನ್ನನ್ನು ದೂರಲಿಲ್ಲ. ‘ಎಷ್ಟು ಹೇಳಿದರೂ ಗೋಡೆಯ ಚಿತ್ರ ತೋರಿಸುತ್ತಿದ್ದರು’ ಎಂದು ಮಾತ್ರ ಹೇಳಿದರು. ಅವರ ಬೆರಳುಗಳಿಗೆ ನನ್ನ ಚಿತ್ರವೊಂದೇ ಕಾರಣವೆಂದು ಹೇಳಿಕೊಳ್ಳುವುದೂ ಒಂದು ಬಗೆಯ ಅಹಂಕಾರವಾದೀತು. ಆದರೆ ಅದು ಅಲ್ಲಿ ತೂಗುತ್ತಿತ್ತು. ಅಣುವೊಂದು ಪೊಟರೆಯಲ್ಲಿ ಕುಳಿತ ಚಿತ್ರಕ್ಕೂ ಔಷಧಿಗೂ ನಡುವೆ ಎಷ್ಟು ವರ್ಷಗಳ ಪರೀಕ್ಷೆಯಿದೆ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಜಾಗ ಸಾಲದೆಂದು ಬಿಟ್ಟಿದ್ದೆ.

ಅವರು ಮನೆಗೆ ಮರಳಿದ ಮೇಲೆ ಗಣಕವನ್ನು ಹೊತ್ತುಕೊಂಡು ಹೋದೆ. ಮಂಚದ ಮೇಲೆ ಕಾಲು ನೀಡಿ ಕುಳಿತಿದ್ದರು. ಮೊದಲು ಗೋಡೆಯ ಚಿತ್ರವನ್ನೇ ತೆರೆಯ ಮೇಲೆ ತೋರಿಸಿದೆ. ಗುರುತಿಸಿ ಸಂತೋಷಪಟ್ಟರು. ಅನಂತರ ನಿಧಾನವಾಗಿ ತಿರುಗಿಸಿದೆ. ಅವರು ನನ್ನ ಕೈಯನ್ನು ಸರಿಸಿ, ತಮ್ಮ ತೋರುಬೆರಳಿನಿಂದ ತಾವೇ ತಿರುಗಿಸತೊಡಗಿದರು. ಎಪ್ಪತ್ತು ದಾಟಿದ ಮನುಷ್ಯ, ತಕ್ಕಡಿ ಹಿಡಿದ ಕೈ, ಒಂದೇ ನಿಮಿಷದಲ್ಲಿ ಕಲಿತರು. ಹಸಿರು ಉಂಗುರವು ಬೂದು ಸರಪಳಿಯನ್ನು ಹಾಯ್ದಿದ್ದ ಜಾಗಕ್ಕೆ ಬಂದು ನಿಲ್ಲಿಸಿದರು.

‘ಇದು ಮುಳ್ಳು ಚುಚ್ಚಿದ್ಹಾಂಗ ಕಾಣ್ತದಲ್ಲ’ ಎಂದರು.

ಹೌದೆಂದೆ. ಕೈಯಿಂದ ಸರಿಸಿದ್ದನ್ನೂ, ಕೋನ ಹುಡುಕಿದ್ದನ್ನೂ, ಹಲಗೆ ಎಳೆದದ್ದನ್ನೂ ಹೇಳಿದೆ. ಬಹಳ ಹೊತ್ತು ತೆರೆಯನ್ನೇ ನೋಡುತ್ತಿದ್ದರು.

‘ಮತ್ತ ಈ ಕಡಿಂದ ಮೊದಲೇ ಯಾಕ ತೋರಿಸಲಿಲ್ಲ?’

ನನ್ನ ಬಳಿ ಉತ್ತರವಿರಲಿಲ್ಲ, ಅವರೂ ಎರಡನೆಯ ಸಲ ಕೇಳಲಿಲ್ಲ. ಸೊಸೆಯನ್ನು ಕರೆದು ನನಗೆ ಚಹಾ ಕೊಡಿಸಿದರು. ಗುಳಿಗೆಗಳು ಆಸ್ಪತ್ರೆಯಲ್ಲಿಯೇ ಮತ್ತೆ ಆರಂಭವಾಗಿದ್ದವು.

ಹೊರಡುವಾಗ ಗೋಡೆಯ ಚಿತ್ರವನ್ನು ತೆಗೆದುಕೊಂಡು ಹೋಗಲು ಅನುಮತಿ ಕೇಳಿದೆ. ಬೇಡವೆಂದರು; ಇದನ್ನು ನೋಡಿದ ಗಿರಾಕಿಗಳೆಲ್ಲ ಇನ್ನೂ ಬರುತ್ತಾರೆ, ಅದರ ಪಕ್ಕದಲ್ಲಿ ಇನ್ನೊಂದನ್ನು ಹಚ್ಚು ಎಂದರು. ಹಾಗೆಯೇ ಮಾಡಿದೆ. ಲೆಕ್ಕದಿಂದ ಬಂದಂತೆ, ಬಾಗಿಲಲ್ಲಿ ಅರ್ಧ ಹೊರಗೆ ನಿಂತ ಅಣುವಿನ ಚಿತ್ರ. ಮುಂದಿನಿಂದ ಒಂದು, 90 ಡಿಗ್ರಿ ತಿರುಗಿಸಿ ಇನ್ನೊಂದು. ಮೊದಲನೆಯದು ತಪ್ಪು, ಅದನ್ನು ನಂಬಿ ಗುಳಿಗೆ ಬಿಡಬಾರದು ಎಂಬ ಒಕ್ಕಣೆ. ಪ್ರತಿ ಚಿತ್ರದ ಕೆಳಗೆ 18 ಅಂಕೆಗಳನ್ನು ಅಚ್ಚು ಹಾಕಿಸಿದೆ. ಅಂಗಡಿಗೆ ಬರುವವರಿಗೆ ಅವುಗಳಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಹಾಕಿಸಿದೆ. ಅವೇನೆಂದು ಯಾರಾದರೂ ಕೇಳಿದರೆ, ‘ಮಾಸ್ತರು ಎಲ್ಲಿ ನಿಂತು ನೋಡ್ಯಾರ ಅನ್ನೋದರ ಲೆಕ್ಕ’ ಎಂದು ಹಿರಿಯರು ಹೇಳುತ್ತಿದ್ದರಂತೆ.

ಉಳಿದ ಕರಪತ್ರಗಳಿಗಾಗಿ ಆ ಚಳಿಗಾಲವಿಡೀ ಬೀದರ, ಭಾಲ್ಕಿ, ಔರಾದುಗಳಲ್ಲಿ ಓಡಾಡಿದೆ. ಶಿಬಿರಕ್ಕೆ ಬಂದಿದ್ದವರಿಗೆಲ್ಲ ಪತ್ರ ಬರೆದೆ. 300ರಲ್ಲಿ ನನ್ನ ಕೈಗೆ ಮರಳಿ ಬಂದವು 41.